ಚಾವಿ ಕೊಡದ ಹಯವದನ

ಒಂದೇ ರಾತ್ರಿಯ ಮಳೆಗೆ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಕೆರೆಯಾಗಿತ್ತು. ಆ ಮರಾಠಿ ಊರಿನ ಅಂಚಿಗಿದ್ದ ಹಿಂಗಣಾದ ಕಾರ್ಖಾನೆಗೆ ಹೊರಟಿದ್ದ ಹಯವದನ ಮೆಟ್ಟಿಲ ಮೇಲೇ ನಿಂತುಬಿಟ್ಟ. ಈಚೆಗಷ್ಟೇ ಕೊಂಡ ಅವನ ಕಾರು ಬೇಸಿಗೆಯ ಎಮ್ಮೆಯಂತೆ ಆರಾಮಾಗಿ ನೀರಲ್ಲಿ ಕೂತಿತ್ತು.

ವಿಮಾ ಕಂಪನಿಗೆ ಫೋನ್ ಮಾಡಿದ. ಆ ಕಡೆಯ ಹೆಣ್ಣುದನಿ ಹಿಂದಿಯಲ್ಲಿ ತಣ್ಣಗೆ ವಿವರಿಸಿತು: ನೀರು ನುಗ್ಗಿ ಕೆಟ್ಟದ್ದಕ್ಕೆ ವಿಮೆ ಉಂಟು. ಆದರೆ ನೀರು ಹೊಕ್ಕ ಗಾಡಿಯನ್ನು ಚಾಲೂ ಮಾಡಿ ಎಂಜಿನ್ ಮುರಿದರೆ ಇಲ್ಲ. ಪಾಲಿಸಿಯಲ್ಲಿ ಬರೆದಿದೆ, ಅಕ್ಷರ ಮಾತ್ರ ಸ್ವಲ್ಪ ಸಣ್ಣದು. ಸರ್ವೇಯರ್ ಬರುವವರೆಗೆ ಯಾರೂ ಚಾವಿ ತಿರುಗಿಸಬಾರದು.

ಹಯವದನ ಚಾವಿಯನ್ನು ಜನಿವಾರಕ್ಕೆ ಕಟ್ಟಿ, ಅಂಗಿಯ ಗುಂಡಿಗಳನ್ನು ಕೊರಳತನಕ ಹಾಕಿಕೊಂಡು, ಮೆಟ್ಟಿಲ ಬಳಿ ಕುರ್ಚಿ ಹಾಕಿ ಕಾವಲು ಕೂತ.

ಮೊದಲು ಬಂದವರು ಮೇಲಿನ ಮನೆಯ ಹಿರಿಯಣ್ಣ, ವಾಯುಪಡೆಯಿಂದ ನಿವೃತ್ತರು. "ವಿಮಾನಾನೇ ರಿಪೇರಿ ಮಾಡಿದೋನು ಕಣಯ್ಯ ನಾನು. ಒಂದ್ಸಲ ಜೋರಾಗಿ ರೈಸ್ ಮಾಡಿದ್ರೆ ನೀರೆಲ್ಲ ಹಿಂದಿನಿಂದ ಚಿಮ್ಕೊಂಡು ಹೋಗುತ್ತೆ. ಚಾವಿ ಕೊಡು."

"ಬ್ಯಾಡ್ರಿ ಹಿರಿಯಣ್ಣನವರ. ಎಂಜಿನ್ ಹೋದ್ರ ಕಂಪನಿಯವ್ರು ಕೈ ಎತ್ತತಾರ."

ಹಿರಿಯಣ್ಣನವರ ಮುಖ ಸಣ್ಣದಾಯಿತು. ಅಷ್ಟರಲ್ಲಿ ಎದುರು ಮನೆಯ ಪೊನ್ನಮ್ಮ ಕೂದಲು ಒಣಗಿಸುವ ಯಂತ್ರ ಹಿಡಿದು ಇಳಿದುಬಂದರು. ಪುಣೆಯಲ್ಲಿ ಅವರ ಅಳಿಯನ ಕಾರು ಇದರಿಂದಲೇ ಬದುಕಿತಂತೆ.

"ಕರೆಂಟ ಇಲ್ಲಲ್ರಿ ಆಂಟಿ."

"ಬಂದ ಮೇಲೆ ಒಣಗಿಸೋಣ. ಈಗ ಸುಮ್ನೆ ಒಮ್ಮೆ ಸ್ಟಾರ್ಟ್ ಮಾಡಿ ನೋಡಿ."

ಹೆಂಡತಿ ಬೃಂದಾ ಕೂಡ ಚಹಾ ಕೊಡುವ ನೆಪದಲ್ಲಿ ಬಂದು ಪಿಸುಗುಟ್ಟಿದಳು: "ಒಂದ್ಸಲ ತಿರುವಿ ನೋಡ್ರಿ. ಯಾರಿಗೆ ಗೊತ್ತಾಗ್ತದ?"

"ಎಂಜಿನ್‌ಗೆ ಗೊತ್ತಾಗ್ತದ," ಎಂದ ಹಯವದನ.

ಮಧ್ಯಾಹ್ನ ಡೀಸೆಲ್ ಪಂಪು ಬಂದು ನೀರು ಎಳೆಯಿತು. ಅದರ ಗುಡುಗುಡು ಸದ್ದಿಗೆ ಹಯವದನನಿಗೆ ಜೋಂಪು ಹತ್ತಿತು. ಯಾರೋ ಅಂಗಿ ಮುಟ್ಟಿದಂತಾಗಿ, ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು ಚೀರಿ ಎದ್ದ. ಮುಟ್ಟಿದವರು ಸೊಳ್ಳೆ ಹೊಡೆಯಲು ಬಂದ ಹಿರಿಯಣ್ಣ. ಹಾಗಂತ ಅವರೇ ಹೇಳಿದರು. ಎದೆ ಹಿಡಿದದ್ದನ್ನು ಕಂಡ ಪೊನ್ನಮ್ಮ ಹೃದಯಾಘಾತವೆಂದು ತಿಳಿದು ಒಂದು ಚೊಂಬು ನೀರನ್ನು ಅವನ ಮುಖಕ್ಕೆ ಸುರಿದರು. ಕಾರಿಗಿಂತ ಒದ್ದೆಯಾದರೂ ಹಯವದನ ಚಾವಿ ಬಿಡಲಿಲ್ಲ.

ಸಂಜೆಗೆ ಸರ್ವೇಯರ್ ಸಂಕೇತ್ ಬಂದ. ಸೊಲ್ಲಾಪುರದ ಕಡೆಯವನು, ಕನ್ನಡ ಬರುತ್ತಿತ್ತು. ಪ್ಯಾಂಟು ಮಡಚಿ ಕೆಸರಿಗಿಳಿದು, ಕಾರಿನ ಸುತ್ತ ಫೋಟೋ ತೆಗೆದ.

"ಚಾಲೂ ಮಾಡಿಲ್ಲಲ್ರಿ? ಬರೋಬರ್ ಮಾಡೀರಿ. ನಿಮ್ಮಂಥ ಶಾಣ್ಯಾ ಮಂದಿ ಸಿಗೂದ ಕಮ್ಮಿ."

ಇಡೀ ದಿನದಲ್ಲಿ ತನ್ನನ್ನು ಹೊಗಳಿದ ಒಬ್ಬನೇ ಮನುಷ್ಯ, ಅದೂ ತನ್ನ ಕಡೆಯ ಕನ್ನಡದಲ್ಲಿ. ಹಯವದನನ ಎದೆ ಬೆಣ್ಣೆಯಾಯಿತು.

"ಎಷ್ಟು ಕಿಲೋಮೀಟರ್ ಓಡೇದ ಬರಕೋಬೇಕು. ಚಾವಿ ಕೊಡ್ರಿ."

ಹಯವದನ ಗುಂಡಿ ಬಿಚ್ಚಿ, ಗಂಟು ಸಡಿಲಿಸಿ, ತೀರ್ಥ ಕೊಟ್ಟಂತೆ ಚಾವಿಯನ್ನು ಅವನ ಅಂಗೈಗಿಟ್ಟ.

ಸಂಕೇತ್ ಒಳಗೆ ಕೂತು ಚಾವಿ ಹಾಕಿದ. ಆಗಲೇ ಅವನಿಗೆ ಫೋನ್ ಬಂತು. ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ಮಾತಿನ ಗುಂಗಿನಲ್ಲಿ, ದಿನಾ ತನ್ನ ಗಾಡಿಗೆ ಮಾಡುವಂತೆ ಚಾವಿಯನ್ನು ಪೂರ್ತಿ ತಿರುಗಿಸಿಬಿಟ್ಟ. ಕಾರು ಕೆಮ್ಮಿತು, ಹಲ್ಲು ಕಡಿಯಿತು, ಒಳಗೇನೋ ಕಟಕ್ಕೆಂದು ಮುರಿದು ಸುಮ್ಮನಾಯಿತು.

ಸಂಕೇತ್ ಕೆಳಗಿಳಿದು, ಕೈ ಒರೆಸಿಕೊಂಡು, ಮೊಬೈಲಿನಲ್ಲಿ ಏನೋ ಬರೆದ.

"ಏನ್ ಬರದ್ರಿ?" ಎಂದು ಹಯವದನ ಮೊಬೈಲಿನೊಳಗೆ ಇಣುಕಿದ.

"ಇದ್ದದ್ದನ್ನ. ನೀರು ಹೊಕ್ಕ ಗಾಡಿ ಚಾಲೂ ಮಾಡ್ಯಾರ, ಎಂಜಿನ್ ಹೋಗೇದ. ಇದಕ್ಕ ರೊಕ್ಕ ಬರಂಗಿಲ್ಲ."

"ಮಾಡಿದವ್ರು ನೀವ ಅಲ್ಲೇನ್ರಿ?"

"ಖರೆ. ಆದ್ರ ಯಾರು ಮಾಡಿದ್ರು ಅಂತ ಪಾಲಿಸಿಯೊಳಗ ಕೇಳಂಗಿಲ್ಲ. ಮಾಲಕರು ಸ್ವಂತ ಕೈಯಿಂದ ಚಾವಿ ಕೊಟ್ರ, ಮಾಲಕರೇ ಮಾಡಿದಂಗ. ಚಿಂತಿ ಮಾಡಬ್ಯಾಡ್ರಿ, ಕಾಲ ಕೆಳಗಿನ ಮ್ಯಾಟಿಗೆ ಪೂರಾ ರೊಕ್ಕ ಸಿಗತದ."

ಅವನು ಹೋದ ಮೇಲೆ ಹಿರಿಯಣ್ಣ ಮೆಲ್ಲಗೆ ಬಂದು ಹಯವದನನ ಹೆಗಲ ಮೇಲೆ ಕೈಯಿಟ್ಟರು.

"ಕೆಡಿಸೋದೇ ಆಗಿದ್ರೆ ಬೆಳಗ್ಗೇನೇ ನನ್ನ ಕೈಗೆ ಕೊಡಬಹುದಿತ್ತಲ್ಲಯ್ಯ," ಎಂದರು. "ನಾವೇನು ಹೊರಗಿನವ್ರಾ?"