ಕಾರಿಗೆ ಕೊಟ್ಟ ಹರಳೆಣ್ಣೆ

ಆಗ ನನಗೆ ಐವತ್ತಾರು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಆ ಕಾಲಕ್ಕೆ ನಮ್ಮ ಕೊಟ್ಟೂರಿನಲ್ಲಿ ನನ್ನ ಮೈದುನನ ಮುಖ ನೋಡಿದವರಿಗಿಂತ ಅವನ ಅಂಗಾಲು ನೋಡಿದವರೇ ಹೆಚ್ಚು! ಬೇಕಾದರೆ ನಮ್ಮ ಓಣಿಯವರನ್ನು ಕೇಳಿ. ಮುಖ ಕಾರಿನ ಅಡಿಯಲ್ಲಿ, ಅಂಗಾಲು ರಸ್ತೆಯ ಕಡೆ. ಬಂದವರು ಅಂಗಾಲಿಗೇ ನಮಸ್ಕಾರ ಹೇಳಿ ಹೋಗುತ್ತಿದ್ದರು.

ಮೈದುನ ಅಂದರೆ ನನ್ನ ಗಂಡನ ತಮ್ಮ. ಮದುವೆಯಾಗದವನು, ನಮ್ಮ ಮನೆಯಲ್ಲೇ ಉಣ್ಣುವವನು. ಅವನದೊಂದು ಬಿಳಿ ಅಂಬಾಸಿಡರ್ ಕಾರಿತ್ತು, ಬಾಡಿಗೆಗೆ ಓಡಿಸುತ್ತಿದ್ದ. ಓಡಿಸಿದ್ದು ಒಂದು ಪಾಲು, ಅದರ ಅಡಿಯಲ್ಲಿ ಗೋಣಿಚೀಲ ಹಾಸಿ ಮಲಗಿದ್ದು ಮೂರು ಪಾಲು. ಇಂಜಿನ್ನಿನ ಬಗ್ಗೆ ಅವನಿಗೆ ಅಂಥ ಚಿಂತೆಯೇನೂ ಇರಲಿಲ್ಲ.

“ಇಂಜಿನ್ ಕೆಟ್ರ ಗಾಡಿ ನಿಲ್ತೈತಿ, ಅಷ್ಟ. ಸ್ಟೇರಿಂಗ್ ಕೆಟ್ರ ನಿಲ್ಲಂಗಿಲ್ಲ ನೋಡ್ರಿ, ಅದಕ್ಕ ಅಂಜಬೇಕು” ಅನ್ನುತ್ತಿದ್ದ.

ಅಂಜುವುದೆಂದರೆ ಹೀಗೆ. ಮುಂದಿನ ಸೀಟಿನಲ್ಲಿ ಕೂತವರ ತೊಡೆಯ ಮೇಲೆ ಒಂದು ತುಂಬಿದ ತಂಬಿಗೆ ನೀರು ಇಡುವುದು! ಒಮ್ಮೆ ಒಬ್ಬ ಶೇಂಗಾ ವ್ಯಾಪಾರಿ ಹಗರಿಬೊಮ್ಮನಹಳ್ಳಿಗೆ ಹೊರಟಿದ್ದ. ಗರಿಗರಿ ಇಸ್ತ್ರಿಯ ಧೋತರ. ಊರು ದಾಟುವುದರೊಳಗೆ ಅರ್ಧ ತಂಬಿಗೆ ಖಾಲಿ.

“ಬಲಕ್ಕ ಚೆಲ್ಲೈತಿ. ಬಲಗಡಿ ಪಾಟಾ ಸೋತೈತ್ರಿ” ಎಂದ ಮೈದುನ. ಪಾಟಾ ಎಂದರೆ ಕಾರಿನ ಭಾರ ಹೊರುವ ಕಬ್ಬಿಣದ ಪಟ್ಟಿಗಳ ಕಟ್ಟು.

“ನಿನ್ನ ಪಾಟಾ ಹಾಳಾಗ್ಲಿ, ನನ್ನ ಧೋತ್ರಾ ನೋಡೋ! ಈ ವಯಸ್ಸಿನಾಗ ಹಿಂಗ ಇಳಿದ್ರ ಮಂದಿ ಏನ್ ತಿಳ್ಕೋತಾರ?” ಎಂದು ವ್ಯಾಪಾರಿ ಅಲ್ಲೇ ಇಳಿದು, ಒಣಗುವ ತನಕ ಬಿಸಿಲಲ್ಲಿ ನಿಂತು, ಬಸ್ಸು ಹತ್ತಿದ.

ನನ್ನನ್ನೂ ಬಿಡಲಿಲ್ಲ. ನಾನು ಅಕ್ಕಿ ಆರಿಸುತ್ತ ಕೂತರೆ ಮೊರದ ಸಮೇತ ಡ್ರೈವರ್ ಸೀಟಿಗೆ ಕೂಡಿಸುವುದು, ತಾನು ಅಡಿಗೆ ತೂರಿ “ಅತ್ತಿಗಿ, ಎಡಕ್ಕ ತಿರುವ್ರಿ! ಈಗ ಬಲಕ್ಕ!” ಎಂದು ಒದರುವುದು. ಗಾಲಿ ಎಲ್ಲಿ ಲೊಡಗುಟ್ಟುತ್ತದೆ ಎಂದು ಅವನು ಕಿವಿಯಲ್ಲೇ ಹಿಡಿಯುತ್ತಿದ್ದ.

ಎದುರುಮನೆಯವಳು ಕೇಳಿದಳು, “ಯಕ್ಕಾ, ಕಾರು ತಗೊಂಡು ಎಲ್ಲಿಗೆ ಹೊಂಟೀ?”

“ಎಲ್ಲಿಗೂ ಇಲ್ಲವ್ವ. ಇವನ ಮ್ಯಾಲ ಹಾಯಿಸಾಕ!”

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಮುಂದಿನದನ್ನು ಬರೆಯುವಾಗ ನನಗಂತೂ ನಗು ಬರುವುದಿಲ್ಲ.

ಆ ಪಾಟಾದ ತುದಿಗಳಲ್ಲಿ, ಮುಂದಿನ ಗಾಲಿಯ ತೋಳುಗಳಲ್ಲಿ ರಬ್ಬರಿನ ಬುಷ್ಷುಗಳಿರುತ್ತವೆ. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಬಾರದಲ್ಲ, ಅದಕ್ಕೆ. ಅವು ಒಣಗಿ ಕಿರ್ ಎಂದರೆ ಬೇರೆಯವರು ಕೈಗೆ ಸಿಕ್ಕ ಎಣ್ಣೆ ಹಚ್ಚುತ್ತಾರೆ. ನನ್ನ ಮೈದುನನಿಗೆ ಮಾತ್ರ ಹರಳೆಣ್ಣೆಯೇ ಆಗಬೇಕು! ಅದೂ ನಾನು ಮನೆಯಲ್ಲಿ ಕಾಸಿದ್ದು.

“ಡೀಸಲ್ ಮುಟ್ಟಿದ್ರ ರಬ್ಬರ್ ಉಬ್ಬಿ ಕೊಳೀತೈತ್ರಿ ಅತ್ತಿಗಿ. ಕೂಸಿನ ನೆತ್ತಿಗಿ ಯಾರರ ಡೀಸಲ್ ಹಚ್ಚತಾರೇನು?”

ಹರಳು ಹುರಿದು, ಕುಟ್ಟಿ, ಒಲೆಯ ಮುಂದೆ ದಿನವಿಡೀ ಕೂತು ಕಾಸಿದರೆ ಬರುವುದು ಎರಡು ಬಾಟಲಿ. ಒಂದು ಮೊಮ್ಮಗನ ನೆತ್ತಿಗೆ, ಒಂದು ಕಾರಿಗೆ! ಯಾವ ಹೆಂಗಸು ತಡೆದುಕೊಳ್ಳುತ್ತಾಳೆ? ಒಂದು ದಿನ ಎಣ್ಣೆಯನ್ನು ಗಡಿಗೆಗೆ ಹಾಕಿ ಜೋಳದ ಚೀಲದ ಹಿಂದೆ ಮುಚ್ಚಿಟ್ಟೆ. ಅವನ ಬಾಟಲಿಗೆ ಹೊಲದ ಪಂಪಿನ ಡೀಸಲ್ ಸುರಿದು, ಮೇಲೆ ಎರಡು ಚಮಚ ಹರಳೆಣ್ಣೆ ಬಿಟ್ಟು ಅಲ್ಲಾಡಿಸಿದೆ. ಸಿಟ್ಟಿಗಲ್ಲ, ಜಿಪುಣತನಕ್ಕೆ. ಇದ್ದದ್ದು ಇದ್ದಂತೆ ಹೇಳುತ್ತೇನೆ.

ವಾಸನೆ ಬರಲಿಲ್ಲವೇ ಎನ್ನುತ್ತೀರಾ? ನಶ್ಯ ಏರಿಸಿ ಏರಿಸಿ ಅವನ ಮೂಗು ಎಂದೋ ಸತ್ತಿತ್ತು.

“ತೆಳ್ಳಗೈತಲ್ರಿ ಅತ್ತಿಗಿ?”

“ಬ್ಯಾಸಗಿ ಅಲ್ಲೇನಲೇ, ಕರಗೈತಿ” ಎಂದೆ. ನಂಬಿದ! ಆಮೇಲೆ ಮೂರು ಬಾಟಲಿ ಹಾಗೆಯೇ ಕೊಟ್ಟೆ.

ನಾಲ್ಕೈದು ತಿಂಗಳಿಗೆ ಕಾರು ಎಡಕ್ಕೆ ಎಳೆಯತೊಡಗಿತು. ಅವನು ಗಾಲಿಗಳಿಗೆ ದಾರ ಹಿಡಿದು ನೇರ ನೋಡಿದ, ಟಯರು ಅದಲುಬದಲು ಮಾಡಿದ, ರಬ್ಬರನ್ನೂ ಬದಲಿಸಿದ. ಬದಲಿಸಿ? ಮತ್ತೆ ನನ್ನ ಎಣ್ಣೆಯನ್ನೇ ಹಚ್ಚಿದ. ನನಗೆ ತಿಳಿಯದೆ ಇತ್ತೇ? ಅವನೇ ಬಾಯಿಬಿಟ್ಟು ಹೇಳಿದ್ದನಲ್ಲ! ಆದರೂ ಸುಮ್ಮನಿದ್ದೆ.

ಚಿಗಟೇರಿಯಿಂದ ಬೀಗರನ್ನು ಕರೆತರುವ ದಿನ ನಾನೂ ಕಾರಿನಲ್ಲಿದ್ದೆ. ತಿರುವಿನಲ್ಲಿ ಕಾರು ಅವನ ಕೈ ಮಾತು ಕೇಳದೆ, ರಸ್ತೆ ಬಿಟ್ಟು ಸೂರ್ಯಕಾಂತಿ ಹೊಲದ ನಡುವೆ ಹೋಗಿ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

“ಏನ್ರಿ, ಹೂವು ತೋರ್ಸಾಕ ಕರ್ಕೊಂಡು ಬಂದ್ರೇನು?” ಎಂದರು ಬೀಗರು.

ನಾನು ಮರ್ಯಾದೆ ಉಳಿಸಿಕೊಳ್ಳಬೇಕಿತ್ತು. ನಕ್ಕೆ. “ನಮ್ಮವನಿಗೆ ಕಿವಿ ಮಂದ ಆಗ್ಯಾವ್ರಿ, ಕೈನೂ ನಡುಗ್ತಾವ” ಎಂದೆ. ಅವನು ತನ್ನ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. 

ಮರುವಾರ ಕಾರನ್ನು ಮೆಲ್ಲಗೆ ಹಗರಿಬೊಮ್ಮನಹಳ್ಳಿಯ ಗ್ಯಾರೇಜು ಮೇಸ್ತ್ರಿ ಹತ್ತಿರ ಒಯ್ದ. ಇಪ್ಪತ್ತು ವರ್ಷದಲ್ಲಿ ಅವನು ತನ್ನ ಕಾರನ್ನು ಇನ್ನೊಬ್ಬರ ಕೈಗೆ ಕೊಟ್ಟಿದ್ದು ಅದೇ ಮೊದಲು. ಸಂತೆಗೆಂದು ನಾನೂ ಹೋಗಿದ್ದೆ. ಮೇಸ್ತ್ರಿ ಒಂದು ಬುಷ್ ಕಿತ್ತು ತೆಗೆದ. ನೆನೆಸಿದ ಕಡಲೆಯ ಹಾಗೆ ಉಬ್ಬಿತ್ತು. ಮೂಸಿ ನೋಡಿದ.

“ಕಾಕಾ, ಇದಕ್ಕ ಯಾರೋ ಡೀಸಲ್ ಕುಡಿಸ್ಯಾರ.”

 ಮೈದುನ ನೊಣ ಕೊಲ್ಲದ ಮನುಷ್ಯ. ಅವತ್ತು ಮೇಸ್ತ್ರಿಯ ಕೊರಳಪಟ್ಟಿ ಹಿಡಿದ!

“ಬಾಯಿ ಬಿಗಿ ಹಿಡಿಯಲೇ! ನಮ್ಮ ಅತ್ತಿಗಿ ಹೊಗಿಯಾಗ ಕಣ್ಣು ಸುಟ್ಕೊಂಡು ಕಾಸಿದ ಎಣ್ಣಿ ಅದು. ನನ್ನ ಹಡದಾಕಿ ಸತ್ತ ಮ್ಯಾಲ ನನಗ ಉಣ್ಣಾಕ ಇಟ್ಟ ಕೈ ಅದು. ಆ ಕೈಯಿಂದ ಡೀಸಲ್ ಬರ್ತೈತೇನು?”

ನಾನು ಸಂತೆಯ ಚೀಲ ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದೆ.  ಈ ಬಾಯಿ ಓಣಿಯಲ್ಲಿ ಒಬ್ಬರಿಗೂ ಸೋತದ್ದಲ್ಲ. ಅಲ್ಲಿ ಮಾತ್ರ ತೆರೆಯಲಿಲ್ಲ.

ಹೊಸ ರಬ್ಬರು ಹಾಕಿಸಿಕೊಂಡು ತಿರುಗಿ ಬರುವಾಗ ಅವನೇ ಹೇಳಿದ, “ಹಡಗಲಿಯವರೊಬ್ರು ಗಾಡಿ ಕೊಳ್ಳಾಕ ಕೇಳ್ಯಾರ್ರಿ. ಸೋಮವಾರ ಬಂದು ಒಯ್ತಾರ. ರಬ್ಬರ್ ಹೊಸಾದು, ಎಣ್ಣಿ ನಿಮ್ಮದು. ಅಂದಮ್ಯಾಲ ತಪ್ಪು ನನ್ನ ಕೈಯಾಗ ಐತಿ. ನೀವು ಬೀಗರ ಮುಂದ ಅಂದದ್ದು ಖರೇನ. ನಾಳೆ ಕಡೀ ಸಲ ಎಣ್ಣಿ ಹಚ್ಚಿ ಬಿಡ್ತೀನಿ.”

ಮರುದಿನ ಬೆಳಿಗ್ಗೆ ಅವನು ಏಳುವ ಮೊದಲೇ ಎದ್ದೆ. ಅವನ ಬಾಟಲಿಯನ್ನು ತಿಪ್ಪೆಗೆ ಸುರಿದೆ. ಜೋಳದ ಚೀಲದ ಹಿಂದಿನ ಗಡಿಗೆ ತೆಗೆದೆ. ಸೀರೆ ಕಚ್ಚೆ ಹಾಕಿ, ಗೋಣಿಚೀಲ ಹಾಸಿ, ಕಾರಿನ ಅಡಿ ತೂರಿದೆ. ಸ್ವಲ್ಪ ಹೊತ್ತಿಗೆ ಅವನ ಚಪ್ಪಲಿಯ ಸದ್ದು ಬಂದು ನನ್ನ ಅಂಗಾಲಿನ ಹತ್ತಿರ ನಿಂತಿತು.

“ಅತ್ತಿಗಿ! ಇದೇನ್ರಿ?”

“ಡೀಸಲ್ ಹಾಕಿದಾಕಿ ನಾನು. ನಾಕು ಬಾಟ್ಲಿ. ನಿನ್ನ ಕೈಗೂ ಏನಾಗಿಲ್ಲ, ಕಿವಿಗೂ ಏನಾಗಿಲ್ಲ. ಮೇಸ್ತ್ರಿ ಹೇಳಿದ್ದು ಖರೆ.”

ಅವನ ಪಾದಗಳು ಅಲುಗಲಿಲ್ಲ.  ಅವನ ಮುಖ ನೋಡುವ ಧೈರ್ಯ ನನಗಿರಲಿಲ್ಲ, ಕಾರಿನ ಅಡಿಯಿಂದ ಅದು ಕಾಣಿಸುವಂತೆಯೂ ಇರಲಿಲ್ಲ.

“ನಿಂತೀ ಯಾಕ? ಹತ್ತಿ ಕೂಡು” ಎಂದು ಬೈದೆ. “ಎಡಕ್ಕ ತಿರುವು. ಕತ್ತಲಾಗ ರಬ್ಬರ್ ಕಾಣವಲ್ದು.”

ಬಾಗಿಲು ತೆರೆದ ಸದ್ದಾಯಿತು. ಕಾರು ಅವನ ಭಾರಕ್ಕೆ ಒಮ್ಮೆ ಕುಗ್ಗಿ ಎದ್ದಿತು. ಗಾಲಿ ಮೆಲ್ಲಗೆ ಎಡಕ್ಕೆ ತಿರುಗಿತು. ನಾನು ಗಡಿಗೆಯಲ್ಲಿ ಬೆರಳದ್ದಿ, ಮೊಮ್ಮಗನ ನೆತ್ತಿಗೆ ಹಚ್ಚುವ ಹಾಗೆಯೇ ಹಚ್ಚಿದೆ.