ಹಗ್ಗದ ಮನೆತನದ ಕಡತ

ನಮ್ಮ ಕಾಕಾನಿಗೆ ನೀವು ಏನು ಬೇಕಾದರೂ ಕೇಳಿ, ಹೆಸರು ಮಾತ್ರ ಕೇಳಬೇಡಿ. ವಯಸ್ಸು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಬರುತ್ತದೆ. ಸಕ್ಕರೆ ಕಾಯಿಲೆ ಇದೆಯೇ ಎಂದರೆ ಅದಕ್ಕೂ ಒಂದೇ ಮಾತು. ಹೆಸರು ಕೇಳಿದಿರೋ, ಚಾಲುಕ್ಯರಿಂದ ಶುರು! ಒಮ್ಮೆ ದಿಲ್ಲಿಯ ಲಕ್ಷ್ಮೀ ನಗರದ ಅವನ ಬಾಡಿಗೆ ಮನೆಗೆ ಗ್ಯಾಸ್ ತಂದ ಭಯ್ಯಾ, ರಸೀದಿಗೆಂದು “ನಾಮ್ ಬತಾಯಿಯೇ” ಎಂದ. ಹೊತ್ತ ಸಿಲಿಂಡರನ್ನು ಇಳಿಸದೆ ಕೇಳಿದ್ದು ಅವನ ತಪ್ಪು. ಪುಲಕೇಶಿಯ ಸೈನ್ಯ ನರ್ಮದೆಯ ದಂಡೆ ತಲುಪುವ ಹೊತ್ತಿಗೆ ಆತ ಸಿಲಿಂಡರನ್ನು ಮೂರನೇ ಮಹಡಿಯ ಮೆಟ್ಟಿಲ ಮೇಲೇ ಬಿಟ್ಟು ಪರಾರಿಯಾಗಿದ್ದ. ಅದನ್ನು ಒಳಗೆ ಉರುಳಿಸಿಕೊಂಡು ಬಂದವಳು ಕಾಕಾನ ಹೆಂಡತಿ, ನಮ್ಮ ಕಾಕು.

ಕಾಕಾ ಎಂದರೆ ಅಪ್ಪನ ತಮ್ಮ. ನಮ್ಮ ಅಡ್ಡಹೆಸರು ಹಗ್ಗದ. ಧಾರವಾಡದ ಕಡೆ ಅಡ್ಡಹೆಸರುಗಳಿಗೆ ಬರವಿಲ್ಲ. ಬೆಲ್ಲದ, ತುಪ್ಪದ, ಮೆಣಸಿನಕಾಯಿ. ಕಿರಾಣಿ ಅಂಗಡಿಯಲ್ಲಿ ಕಣ್ಣು ಮುಚ್ಚಿ ಯಾವ ಡಬ್ಬಕ್ಕೆ ಕೈ ಹಾಕಿದರೂ ಒಂದು ಮನೆತನ ಸಿಗುತ್ತದೆ. ನಮ್ಮ ಮುತ್ತಜ್ಜ ಸಂತೆಯಲ್ಲಿ ಹಗ್ಗ ಮಾರುತ್ತಿದ್ದ, ಹಾಗಾಗಿ ನಾವು ಹಗ್ಗದ. ಬುದ್ಧಿ ನೆಟ್ಟಗಿರುವ ಯಾರಾದರೂ ಇಲ್ಲಿಗೆ ನಿಲ್ಲಿಸುತ್ತಾರಲ್ಲವೇ? ಕಾಕಾ ನಿಲ್ಲಿಸುವವನಲ್ಲ. ಅವನ ಪ್ರಕಾರ ಚಾಲುಕ್ಯರ ಯುದ್ಧದ ಆನೆಗಳನ್ನು ಕಟ್ಟಿದ್ದು ನಮ್ಮ ಹಗ್ಗದಿಂದ. “ಆನೀ ಯಾರದರ ಇರಲಿ, ಹಗ್ಗ ನಮ್ಮದು!” ಮುಂದಿನ ವರ್ಷ ಪಟ್ಟದಕಲ್ಲಿನ ಕಲ್ಲುಗಳನ್ನು ಎಳೆದದ್ದೂ ನಾವೇ ಆದೆವು. ಅಪ್ಪ ಒಮ್ಮೆ, “ಗಲ್ಲಿಗೆ ಹಾಕೋ ಹಗ್ಗಾನೂ ನಮ್ಮದೇ ಏನೋ?” ಎಂದು ಕೇಳಿದ. ಕಾಕಾ ನಗಲಿಲ್ಲ. “ಪರಿಶೀಲಿಸಬೇಕು” ಎಂದು ಬರೆದುಕೊಂಡ.

ನನಗಂತೂ ಆ ಅಡ್ಡಹೆಸರು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ದಿಲ್ಲಿಯ ಶಾಲೆಯಲ್ಲಿ ಹಾಜರಿ ಕೂಗುವಾಗ ‘ಹಗ್ಗದ’ ಎಂದರೆ ಹಿಂದಿಯ ಮಕ್ಕಳು ಏಕೆ ಬೆಂಚಿನ ಕೆಳಗೆ ಬಿದ್ದು ನಗುತ್ತಾರೆಂದು ನಾನು ಇಲ್ಲಿ ವಿವರಿಸಲಾರೆ, ಕಕ್ಕಸಿನ ಮಾತು ಅದು. ಹಿಂದಿ ಬಲ್ಲವರಿಗೆ ಗೊತ್ತು, ಬಾರದವರು ಪುಣ್ಯವಂತರು. ಹನ್ನೆರಡು ವರ್ಷ ಅನುಭವಿಸಿದ್ದೇನೆ. ಮದುವೆಯಾಗುವುದಿದ್ದರೆ ಈ ಹೆಸರು ಕಳಚಿಕೊಳ್ಳಲಿಕ್ಕಾದರೂ ಆಗಬೇಕೆಂದು ಎಂಟನೇ ಇಯತ್ತೆಯಲ್ಲೇ ತೀರ್ಮಾನಿಸಿದ್ದೆ.

ಅಪ್ಪ, ಕಾಕಾ ಇಬ್ಬರೂ ಕೇಂದ್ರ ಸರ್ಕಾರದ ನೌಕರರು. ಕಾಕಾ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್, ಅಪ್ಪ ಇನ್ನೊಂದರಲ್ಲಿ ಅಂಡರ್ ಸೆಕ್ರೆಟರಿ. ಹುಟ್ಟಿನಲ್ಲಿ ಅಪ್ಪ ಹತ್ತು ವರ್ಷ ಮೇಲೆ, ಸರ್ಕಾರದಲ್ಲಿ ಒಂದು ಮೆಟ್ಟಿಲು ಮೇಲೆ. ಹೀಗಾಗಿ ಮನೆತನದ ಇತಿಹಾಸಕ್ಕೆ ಕಾಕಾ ಒಂದು ಕಡತ ತೆರೆದಿದ್ದ. ತಮಾಷೆಯಲ್ಲ, ನಿಜವಾದ ಕಡತ! ಹಸಿರು ಹಾಳೆಗಳ ಮೇಲೆ ಕ್ರಮಸಂಖ್ಯೆ ಹಾಕಿದ ಟಿಪ್ಪಣಿ, ಮೂಲೆಯಲ್ಲಿ ಪೋಣಿಸಿದ ದಾರ, ಚೀಟಿ ಅಂಟಿಸಿದ ದಾಖಲೆಗಳು. ನಮ್ಮೆಲ್ಲರ ಜನನ ಪತ್ರಗಳನ್ನೂ ಅವನು ಎತ್ತಿಕೊಂಡು ಹೋಗಿ ಅದರಲ್ಲಿ ಸೇರಿಸಿಬಿಟ್ಟಿದ್ದ. ನಾನು ಹುಟ್ಟಿದ್ದಕ್ಕೆ ಸಾಕ್ಷಿ ಬೇಕೆಂದರೆ ‘ಫ್ಲ್ಯಾಗ್ ಸಿ’ ನೋಡಬೇಕು.

ಪ್ರತಿ ಭಾನುವಾರ ಕಾಕಾ ಲಕ್ಷ್ಮೀ ನಗರದಿಂದ ಬಸ್ಸು ಹಿಡಿದು, ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ನೋಯ್ಡಾದ ನಮ್ಮ ಫ್ಲ್ಯಾಟಿಗೆ ಬರುತ್ತಿದ್ದ. ವಾರದ ಸಂಶೋಧನೆಯನ್ನು ಅಣ್ಣನಿಗೆ ಸಲ್ಲಿಸುತ್ತಿದ್ದ. ಅಪ್ಪ ಓದದೆಯೇ ಕೆಳಗೆ ‘ನೋಡಿದೆ’ ಎಂದು ಬರೆದು ಎರಡಕ್ಷರ ಗೀಚುತ್ತಿದ್ದ. ಅಪ್ಪನ ಇಡೀ ಸಾಹಿತ್ಯವೇ ಅಷ್ಟು. ನನ್ನ ಅಂಕಪಟ್ಟಿಯ ಮೇಲೂ ‘ನೋಡಿದೆ’, ಅಮ್ಮನ ಕಿರಾಣಿ ಚೀಟಿಯ ಮೇಲೂ ‘ನೋಡಿದೆ’. ಸಾಮಾನು ತರುತ್ತಿದ್ದವಳು ಅಮ್ಮನೇ.

ನನ್ನನ್ನು ನೋಡಲು ಫರೀದಾಬಾದಿನಿಂದ ವರನ ಕಡೆಯವರು ಬಂದರು. ಅವರೂ ನಮ್ಮ ಕಡೆಯವರೇ, ಅಡ್ಡಹೆಸರು ಉಳ್ಳಾಗಡ್ಡಿ, ಅಂದರೆ ಈರುಳ್ಳಿ. ಕಾಕಾನನ್ನು ಆ ದಿನ ಏನಾದರೂ ನೆಪ ಹೇಳಿ ದೂರವಿಡಬೇಕೆಂದು ಅಮ್ಮ ಬಡಕೊಂಡಳು, ಯಾರು ಕೇಳಬೇಕು? ಬಂದ. ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮೊದಲೇ ಹುಡುಗನ ತಂದೆಯ ಪಕ್ಕ ಕುಳಿತು ಸಂಬಂಧ ಜೋಡಿಸಿದ.

“ನೋಡ್ರಿ, ಉಳ್ಳಾಗಡ್ಡಿ ಅಂದಮ್ಯಾಲೆ ಚೀಲ. ಚೀಲ ಅಂದಮ್ಯಾಲೆ ಹಗ್ಗ. ಅಂದ್ರ ನಿಮ್ಮ ಹಿರ್ಯಾರು ನಮ್ಮ ಹಿರ್ಯಾರ ಬಾಗಲಕ್ಕ ಬಂದs ಬಂದಿರಬೇಕು!”

ಹುಡುಗನ ತಂದೆಯ ಮುಖ ಕಪ್ಪಿಟ್ಟಿತು. ಅಮ್ಮ ಅಡುಗೆಮನೆಯಲ್ಲಿ ಹಣೆ ಚಚ್ಚಿಕೊಂಡಳು. ಹುಡುಗ ಮಾತ್ರ ಉಪ್ಪಿಟ್ಟು ನೆತ್ತಿಗೆ ಹತ್ತುವಷ್ಟು ನಕ್ಕ. ಆ ನಗುವಿಗೇ ನಾನು ಒಪ್ಪಿದ್ದು. ಉಳ್ಳಾಗಡ್ಡಿ ಎಂದರೆ ದಿಲ್ಲಿಯಲ್ಲಿ ಯಾರಿಗೂ ಏನೂ ಅನಿಸುವುದಿಲ್ಲ ಎಂಬುದೂ ಒಂದು ಕಾರಣವೆನ್ನಿ.

ಫರೀದಾಬಾದಿನಲ್ಲಿ ನಿಶ್ಚಿತಾರ್ಥ. ಹುಬ್ಬಳ್ಳಿಯಿಂದ ಅಪ್ಪನ ಸೋದರತ್ತೆ ಬಂದಿದ್ದಳು. ತೊಂಬತ್ತು ಸಮೀಪಿಸಿದರೂ ಕಣ್ಣು, ನಾಲಿಗೆ ಎರಡೂ ಚುರುಕು. ಇಲ್ಲಿ ಒಂದು ವಿಷಯ ಹೇಳಬೇಕು. ಹಗ್ಗದ ಮನೆತನದವರೆಲ್ಲ ಕುಳ್ಳರು, ಕಪ್ಪು, ಮೂಗು ಮುಖಕ್ಕಿಂತ ಮುಂದೆ ಹೊರಟವರು. ನನ್ನನ್ನೂ ಸೇರಿಸಿ! ಕಾಕಾ ಒಬ್ಬನೇ ಆರಡಿ ಎತ್ತರ, ಗೋಧಿ ಬಣ್ಣ, ಬೆಕ್ಕಿನ ಕಣ್ಣು. ಆ ಅಜ್ಜಿ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ತುಂಬಿದ ಸಭೆಯಲ್ಲಿ ಕೇಳಿದಳು: “ಚಾಲುಕ್ಯರಂತ ಚಾಲುಕ್ಯರು! ಇಂವ ಯಾರನ್ನ ಹೋಲ್ತಾನ? ಈ ಮಾರಿ ಮೂಗು ನಮ್ಮ ಪೈಕಿದಲ್ಲ.”

ಬೀಗರು ಮುಖ ಮುಖ ನೋಡಿಕೊಂಡರು. ಮಾತು ತೇಲಿಸಲು ಜಾಣೆ ನಾನೇ ಬಾಯಿ ಹಾಕಿದೆ. “ಅಚ್ಛಾ, ನಿಮಗೆ ಗೊತ್ತಿಲ್ವಾ? ಮುತ್ತಜ್ಜ ಸಂತೇಲಿ ಹಗ್ಗ ಮಾರಿ, ಬರ್ತಾ ಕಾಕಾನ್ನ ಕೊಂಡ್ಕೊಂಡು ಬಂದ್ರು!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ಕಾಕಾ ನಕ್ಕ. ಅಪ್ಪ ನಗಲಿಲ್ಲ. ಅಪ್ಪ ಯಾವುದಕ್ಕೂ ನಗುವವನಲ್ಲವಾದ್ದರಿಂದ ನಾನು ಲಕ್ಷ್ಯ ಕೊಡಲಿಲ್ಲ.

ಮುಂದಿನ ಭಾನುವಾರ ಕಡತದಲ್ಲಿ ಹೊಸ ಪ್ರಸ್ತಾವ ಬಂತು. ಅಮೆರಿಕದ ಒಂದು ಕಂಪನಿ ಕೆನ್ನೆಯ ಒಳಗನ್ನು ಕುಂಚದಿಂದ ಉಜ್ಜಿ ಕಳಿಸಿದರೆ, ತಂದೆಯಿಂದ ಮಗನಿಗೆ ಇಳಿದು ಬರುವ ವಂಶದ ಗುರುತನ್ನು ಓದಿ ಹೇಳುತ್ತದಂತೆ. ಆಗಿನ್ನೂ ಅದು ಹೊಸದು. ಸಹೋದ್ಯೋಗಿಯ ಮಗಳು ರಜೆಗೆ ಬರುವಾಗ ಎರಡು ಕಿಟ್ ತರಲು ಕಾಕಾ ಹೇಳಿಯೂ ಆಗಿತ್ತು.

“ಎರಡು ಯಾಕೆ ಕಾಕಾ?” ಎಂದೆ.

“ಒಬ್ಬನ ಹೇಳಿಕೆ ಯಾವ ಕಚೇರಿಯೊಳಗ ನಡೀತದವಾ? ಅಣ್ಣಂದೂ ನಂದೂ ಎರಡೂ ಹೋಗಲಿ. ಎರಡೂ ಒಂದs ಅಂತ ಬರವಣಿಗಿಯೊಳಗ ಬರಲಿ. ಆಮ್ಯಾಲೆ ಯಾರು ಏನಂತಾರ ನೋಡೂಣು.”

ಜೀವನದಲ್ಲಿ ಮೊದಲ ಸಲ ಅಪ್ಪ ‘ನೋಡಿದೆ’ ಎಂದು ಬರೆಯಲಿಲ್ಲ. ಕಡತ ಮೂರು ವಾರ ಅವನ ಬಳಿಯೇ ಬಿದ್ದಿತ್ತು. ಕಾಕಾ ಪ್ರತಿ ಭಾನುವಾರ ಬಂದು, ಕಡತ ಎಲ್ಲಿಯವರೆಗೆ ಬಂತೆಂದು ಕೇಳಿ, ಚಹಾ ಕುಡಿದು ಹೋಗುತ್ತಿದ್ದ. ನಾಲ್ಕನೇ ವಾರ ಅಪ್ಪ ಹೇಳಿದ, “ಆತು. ಆದರ ಮೊಹರು ಮಾಡಿ ಕಳಸಾಂವ ನಾನು.”

ಕಾಕಾ ಹಿಗ್ಗಿಹೋದ. ಕಂಪನಿ ಕೇಳದಿದ್ದರೂ ಉಗುಳಿನ ಲಕೋಟೆಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕೇ ಬೇಕೆಂದು ಅವನೇ ಹಟ ಹಿಡಿದಿದ್ದ. ಉಗುಳನ್ನು ದೃಢೀಕರಿಸಿ ಕಳಿಸಿದ ಮನೆತನ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು! ಆ ದಿನ ಕಾಕಾ ಉಪವಾಸ ಬಂದ. ಒಂದು ನಿಮಿಷ ಉಜ್ಜಿ ಎಂದು ಬರೆದಿದ್ದರೆ ಗಡಿಯಾರ ಇಟ್ಟುಕೊಂಡು ಐದು ನಿಮಿಷ ಉಜ್ಜಿದ. ಆಮೇಲೆ ಅಪ್ಪ ಇಬ್ಬರ ಸಾಮಾನನ್ನೂ ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಕಾಕಾ ಮೊಹರಿಗೆ ಅರಗು ಹುಡುಕುತ್ತ ಒಳಗೆ ಹೋದವನು ಸುಮಾರು ಹೊತ್ತು ಬರಲಿಲ್ಲ. ಬಂದಾಗ ಅರಗು ಸಿಗಲಿಲ್ಲವೆಂದ. ಅದು ಅವನ ಅಂಗಿಯ ಜೇಬಿನಲ್ಲೇ ಇಣುಕುತ್ತಿತ್ತು. ಅಪ್ಪ ಹೊರಗೆ ಬಂದಾಗ ಎರಡೂ ಕೆನ್ನೆ ಹಿಡಿದುಕೊಂಡಿದ್ದ, ಬಿಸಿ ಚಹಾ ಬೇಡವೆಂದ. “ಇಬ್ಬರು ಅಣ್ಣತಮ್ಮಂದಿರಿಗೂ ಬುದ್ಧಿ ಸಮಸಮ” ಎಂದು ಅಮ್ಮ ಗೊಣಗಿದಳು.

ಕೆಲವು ತಿಂಗಳ ಮೇಲೆ ವರದಿ ಬಂತು. ಎರಡು ಸಾಲು ಅಂಕೆಗಳು, ಒಂದೂ ವ್ಯತ್ಯಾಸವಿಲ್ಲ. ಇಬ್ಬರದೂ ಒಂದೇ ವಂಶ! ಕಾಕಾ ಇದನ್ನು ನೂರು ಪ್ರತಿ ತೆಗೆಸಿ ಕನ್ನಡಿಗರ ಸಭೆಯಲ್ಲಿ ಹಂಚುತ್ತಾನೆ, ಹುಬ್ಬಳ್ಳಿಯ ಅಜ್ಜಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಾನೆ ಎಂದು ನಾವೆಲ್ಲ ಸೊಂಟ ಕಟ್ಟಿ ಕೂತಿದ್ದೆವು. ಅವನು ಒಂದು ಪ್ರತಿಯನ್ನೂ ತೆಗೆಸಲಿಲ್ಲ. ವರದಿಯನ್ನು ಮಡಚಿ ಕಡತದೊಳಗೆ ಇಟ್ಟ. ಅಂದಿನಿಂದ ಸಂಶೋಧನೆಯೂ ಬಂದ್! ಭಾನುವಾರ ಬರಿಗೈಯಲ್ಲಿ ಬಂದು ಅಪ್ಪನ ಜೊತೆ ಕ್ರಿಕೆಟ್ ನೋಡತೊಡಗಿದ. ವರದಿಯಲ್ಲಿ ಒಬ್ಬ ರಾಜನೂ ಸಿಗಲಿಲ್ಲವೆಂದು ಮುನಿಸಿಕೊಂಡಿದ್ದಾನೆ ಎಂದು ನಾನು ಎಲ್ಲರಿಗೂ ಹೇಳಿ ನಗಿಸಿದೆ.

ಮದುವೆಯಾಯಿತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕಿತ್ತು. ಫಾರ್ಮಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು, ಉಳ್ಳಾಗಡ್ಡಿ ಎಂದು ತುಂಬುವ ಸುಖವನ್ನು ಕೊನೆಗೆಂದು ಉಳಿಸಿಕೊಂಡಿದ್ದೆ. ಜನನ ಪತ್ರ ಬೇಕಲ್ಲ, ಲಕ್ಷ್ಮೀ ನಗರಕ್ಕೆ ಹೋದೆ. ಕಾಕಾ ತರಕಾರಿಗೆ ಹೋಗಿದ್ದ. ಕಾಕು ಕಡತ ಇಳಿಸಿಕೊಟ್ಟು, “ನೀನs ಹುಡುಕ್ಕೊ ನಮ್ಮವ್ವ, ನನಗ ಅದನ್ನ ಮುಟ್ಟಿದ್ರ ಸೀನು ಬರ್ತಾವ” ಎಂದು ಒಳಗೆ ಹೋದಳು.

ಫ್ಲ್ಯಾಗ್ ಸಿ ಹುಡುಕುತ್ತಿದ್ದಾಗ ಕೊನೆಯ ಹಸಿರು ಹಾಳೆ ಕಣ್ಣಿಗೆ ಬಿತ್ತು. ಕಾಕಾನ ಅಕ್ಷರ.

“೧. ಅರಗು ಹುಡುಕಲು ಹೋದಾಗ, ಮೇಲಧಿಕಾರಿಗಳು ಕೆಳಗೆ ಸಹಿ ಮಾಡಿದವನ ಕುಂಚವನ್ನು ಕಿಟಕಿಯಿಂದ ಹೊರಗೆ ಎಸೆದು, ಹೆಚ್ಚುವರಿ ಕುಂಚದಿಂದ ತಮ್ಮದೇ ಇನ್ನೊಂದು ಕೆನ್ನೆಯನ್ನು ಉಜ್ಜಿಕೊಳ್ಳುತ್ತಿದ್ದುದು ಬಾಗಿಲ ಸಂದಿಯಿಂದ ಕಂಡುಬಂತು.

೨. ಕಾರಣ ಕೇಳುವ ಅಗತ್ಯವಿಲ್ಲ. ಕಾರಣ ತಿಳಿದಿದೆ.

೩. ಕೆಳಗೆ ಸಹಿ ಮಾಡಿದವನು ತನ್ನ ಅಡ್ಡಹೆಸರಿನ ಮೂಲವನ್ನು ಕಣ್ಣಾರೆ ಕಂಡಿರುವುದರಿಂದ, ಈ ಕಡತವನ್ನು ಮುಕ್ತಾಯಗೊಳಿಸಬಹುದು. ಅವಗಾಹನೆಗೆ ಸಲ್ಲಿಸಿದೆ.”

ಅದರ ಕೆಳಗೆ ಅಪ್ಪನ ‘ನೋಡಿದೆ’. ಆದರೆ ಎರಡಕ್ಷರ ಗೀಚಿರಲಿಲ್ಲ. ಪೂರ್ತಿ ಹೆಸರು ಬರೆದು, ಅಡ್ಡಹೆಸರನ್ನೂ ಬಿಡಿಸಿ ಬರೆದು ಸಹಿ ಮಾಡಿದ್ದ.

ಫರೀದಾಬಾದಿನ ಆ ಸಭೆ ನೆನಪಾಗಿ ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕೆನಿಸಿತು. ಅತ್ತುಬಿಟ್ಟೆ ಕೂಡ. ಅಷ್ಟರಲ್ಲಿ ಕಾಕಾ ಹೂಕೋಸಿನ ಚೀಲ ಹಿಡಿದು ಬಂದ. ನನ್ನ ಮುಖ ನೋಡಿದ, ತೆರೆದ ಹಾಳೆ ನೋಡಿದ. ಕಡತದಿಂದ ನನ್ನ ಜನನ ಪತ್ರವನ್ನು ಜೋಪಾನವಾಗಿ ಬಿಡಿಸಿ ಕೊಟ್ಟು, ದಾರವನ್ನು ಮತ್ತೆ ಬಿಗಿದು ಕಟ್ಟಿದ. “ಉಳ್ಳಾಗಡ್ಡಿನೂ ಛಲೋ ಮನೆತನ ಅದವಾ” ಎಂದ.

ನೋಯ್ಡಾಕ್ಕೆ ಬಂದಾಗ ಅಪ್ಪ ಬಾಲ್ಕನಿಯಲ್ಲಿ ಪೇಪರು ಓದುತ್ತಿದ್ದ.

“ಅಪ್ಪಾ, ಕಾಕಾನ್ನ ನಿಜವಾಗ್ಲೂ ಸಂತೇಲಿ...”

“ಸಂತ್ಯಾಗಲ್ಲ” ಎಂದ ಅಪ್ಪ, ಪೇಪರಿನಿಂದ ತಲೆ ಎತ್ತದೆ. “ಗದಗ ಸ್ಟೇಷನ್ನಿನಾಗ. ಕೂಡೂ ಬಾಕಿನ ಮ್ಯಾಲೆ ಯಾರೋ ಕೂಸಿನ್ನ ಬಿಟ್ಟು ಹೋಗಿದ್ರು. ಎತ್ತಿಕೊಂಡಾಂವ ನಾನು. ಇಳಸೋ, ನಮ್ಮದಲ್ಲ ಅದು ಅಂದ್ಲು ಅವ್ವ. ನಾ ಇಳಸಲಿಲ್ಲ.”

ಆಗ ಅಪ್ಪನಿಗೆ ಹತ್ತು ವರ್ಷ.

ನಾನು ಅಲ್ಲೇ ಕುಳಿತು ಫಾರ್ಮಿನ ಖಾಲಿ ಜಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಹಗ್ಗದ’ ಎಂದು ಬರೆದು, ಅಪ್ಪನ ಮುಂದೆ ಹಿಡಿದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ, ಓದಿದ, ಜೇಬಿನಿಂದ ಪೆನ್ನು ತೆಗೆದು ಮೂಲೆಯಲ್ಲಿ ‘ನೋಡಿದೆ’ ಎಂದು ಬರೆದೇಬಿಟ್ಟ. ಫಾರ್ಮು ಕೆಟ್ಟಿತು. ಮರುದಿನ ಮತ್ತೆ ಸಾಲಿನಲ್ಲಿ ನಿಂತು ಇನ್ನೊಂದು ಫಾರ್ಮು ತಂದುಕೊಂಡೆ.