ರಷ್ಯನ್ ಮೇಡಂ ಸೋಲುವವರೆಗೆ ನನ್ನ ಡ್ಯೂಟಿ

ಡ್ರೈವರನ ಹಿಂದಿನ ಸೀಟಿನಲ್ಲಿ ಯಾರು ಕೂತರೂ ಏನಾದರೊಂದು ತಮಾಷೆ ಆಗಿಯೇ ಆಗುತ್ತದೆ. ಕೂತವರು ಟೆನಿಸ್ ಆಡುವವರಾದರೆ ದಿನಕ್ಕೊಂದು ಖಂಡಿತ.

ಕತಾರಿನ ದೋಹಾದಲ್ಲಿ ಮೆಟ್ರೋ ಇಲ್ಲದ, ಎಲ್ಲಿ ಹೋದರೂ ರೌಂಡ್‌ಅಬೌಟ್ ಸಿಗುತ್ತಿದ್ದ ಎರಡು ಸಾವಿರದ ದಶಕ ಅದು. ನಮ್ಮ ಬಾಡಿಗೆ ಕಾರಿನ ಕಂಪನಿಗೆ ಮಹಿಳೆಯರ ಟೆನಿಸ್ ಟೂರ್ನಿಯ ಕೆಲಸ ಸಿಕ್ಕಿತು. ನನ್ನ ಪಾಲಿಗೆ ಬಂದವರು ರಷ್ಯಾದ ಒಬ್ಬ ಮೇಡಂ. ಒಂದು ಕಾಲದಲ್ಲಿ ದೊಡ್ಡ ಹೆಸರು. ಈಗ ಮೊಣಕಾಲು ಕೈಕೊಟ್ಟಿತ್ತು. ಕೋಚ್ ಇಲ್ಲದೆ ಒಬ್ಬರೇ ಬಂದಿದ್ದರು. ಏರ್‌ಪೋರ್ಟಿನಿಂದ ಬರುವಾಗಲೇ ಹೇಳಿದರು: "ಇದು ನನ್ನ ಕೊನೆಯ ಟೂರ್ನಿ. ಇಲ್ಲಿ ಯಾವತ್ತು ಸೋಲ್ತೇನೋ ಅವತ್ತಿಗೆ ನನ್ನ ಆಟ ಮುಗೀತು."

ಮಂಗಳೂರು ಕಡೆಯ ನನಗೆ ಟೆನಿಸ್ ಗೊತ್ತಿಲ್ಲ, ಆದರೆ ಕೆಲಸ ಬಿಡುವ ಸಂಕಟ ಗೊತ್ತು.

ತಪ್ಪಿದ ದಾರಿ

ಮೊದಲ ಪಂದ್ಯದ ದಿನ ಗಡಿಬಿಡಿಯಲ್ಲಿ ತಪ್ಪು ತಿರುವು ತೆಗೆದುಕೊಂಡೆ. ಸ್ಟೇಡಿಯಂ ಬರಬೇಕಾದಲ್ಲಿ ಇಂಡಸ್ಟ್ರಿಯಲ್ ಏರಿಯಾ ಬಂತು. ಮುಂದೆ ಕೆಲಸಗಾರರ ಬಸ್ಸು, ಹಿಂದೆ ಸಿಮೆಂಟ್ ಲಾರಿ. ಮೇಡಂ ರಷ್ಯನ್ ಭಾಷೆಯಲ್ಲಿ ಏನೇನೋ ಹೇಳಿದರು. ಅರ್ಥವಾಗದ್ದು ನನ್ನ ಪುಣ್ಯ. ಕೊನೆಗೂ ಮುಟ್ಟಿಸಿದೆ. ಓಡಿ ಹೋಗಿ ಆಡಿದರು, ಗೆದ್ದರು!

ಗೆದ್ದ ದಿನ ಏನೇನು ಮಾಡಿದ್ದರೋ ಅದನ್ನೇ ಮುಂದಿನ ಪಂದ್ಯಕ್ಕೂ ಮಾಡಬೇಕೆಂಬುದು ಇವರ ನಂಬಿಕೆ. ಮರುದಿನ ಕಾರು ಹತ್ತಿದವರೇ, "ನಿನ್ನೆಯ ದಾರಿಯಲ್ಲೇ ಹೋಗು" ಎಂದರು.

"ಮೇಡಂ, ಅದು ದಾರಿ ತಪ್ಪಿ ಹೋದದ್ದು."

"ಗೊತ್ತು. ಹಾಗೇ ತಪ್ಪಿಸು."

ದಾರಿ ತಪ್ಪುವುದು ಸುಲಭ ಮಾರಾಯ್ರೆ. ನಿನ್ನೆ ತಪ್ಪಿದ ಹಾಗೆಯೇ ಇವತ್ತೂ ತಪ್ಪಬೇಕೆಂದರೆ ಯಾರನ್ನು ಕೇಳುವುದು?

ಧೂಳಿನ ಕಾರು

ಎರಡನೆಯ ಪಂದ್ಯ ಗೆದ್ದ ದಿನ ಮರಳುಗಾಳಿ ಬೀಸಿತ್ತು. ಇನ್ನು ಕಾರು ತೊಳೆಯಲೇಬಾರದು ಎಂದು ಮೇಡಂ ಆಜ್ಞೆಯಾಯಿತು. ನಮ್ಮ ಮಲಯಾಳಿ ಮ್ಯಾನೇಜರ್ ಕಾರು ನೋಡಿ ಕೂಗಾಡಿದರು: "ಇದೇನು ಕಾರೋ, ಒಂಟೆಯೋ? ಯಲ್ಲಾ, ಬೇಗ ತೊಳಿ!"

ಕಾರಣ ಹೇಳಿದೆ. "ಈ ಕಾಲದಲ್ಲೂ ಇಂಥ ಮೂಢನಂಬಿಕೆಯಾ!" ಎಂದು ನಗಾಡಿ ತಾವೇ ಪೈಪ್ ಹಿಡಿದು ತೊಳೆದುಬಿಟ್ಟರು. ನಾನು, "ಆಯ್ತು ಸರ್, ಅವರು ಸೋತು ಕೇಳಿದರೆ ನಿಮ್ಮ ಹೆಸರು ಹೇಳ್ತೇನೆ" ಎಂದೆ.

ಚಹಾ ಕುಡಿದು ಬಂದು ನೋಡಿದರೆ ಮ್ಯಾನೇಜರ್ ಬಾನೆಟ್ ಮೇಲೆ ಮುಷ್ಟಿ ಮುಷ್ಟಿ ಮರಳು ಎರಚುತ್ತಿದ್ದಾರೆ. ನನ್ನನ್ನು ಕಂಡು ಬೆಚ್ಚಿ, ಮೆಲ್ಲಗೆ ಹೇಳಿದರು: "ಯಾರಿಗೂ ಹೇಳಬೇಡ. ಆ ಕಡೆ ನೀನು ಸ್ವಲ್ಪ ಹಾಕು."

ಕೆನ್ನೆ ಬಡಿದುಕೊಂಡದ್ದು

ಮೂರನೆಯ ಪಂದ್ಯದ ದಿನ ಮೇಡಂ ನನಗೊಂದು ಪಾಸ್ ಕೊಟ್ಟರು. ಆಟಗಾರರ ಕೋಚು, ಮನೆಯವರು ಕೂರುವ ಜಾಗದ್ದು. "ಖಾಲಿ ಕುರ್ಚಿ ನೋಡ್ತಾ ಆಡಲಿಕ್ಕೆ ಆಗೋದಿಲ್ಲ. ನೀನು ಕೂತಿರು, ಸಾಕು" ಎಂದರು. ನನ್ನ ಕಣ್ಣು ಒದ್ದೆಯಾಯಿತು.

ಅಲ್ಲಿ ಕೂತವರು ಆಟಗಾರರಿಗೆ ಸನ್ನೆ ಮಾಡಿ ಹೇಳಿಕೊಡಬಾರದು ಎಂಬ ಕಾನೂನನ್ನು ಮಾತ್ರ ಯಾರೂ ನನಗೆ ಹೇಳಿರಲಿಲ್ಲ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮೇಡಂ ಕುಂಟುತ್ತಿದ್ದರು. ಪ್ರತಿ ಪಾಯಿಂಟ್ ಮುಗಿದಾಗಲೂ ನನ್ನ ಕಡೆ ನೋಡುತ್ತಿದ್ದರು. ನಾನೇನು ಮಾಡಲಿ? ಊರಿನ ದೈವಕ್ಕೆ ಹರಕೆ ಹೇಳಿ ತಲೆಯ ಮೇಲೆ ಕೈ ಮುಗಿದೆ. ಚೆಂಡು ನೆಟ್‌ಗೆ ಬಿದ್ದಾಗ ತಪ್ಪಾಯಿತೆಂದು ಎರಡೂ ಕೆನ್ನೆ ಬಡಿದುಕೊಂಡೆ, ಕಿವಿ ಹಿಡಿದುಕೊಂಡೆ.

ಅಂಪೈರ್ ಆಟ ನಿಲ್ಲಿಸಿ ಮೈಕಿನಲ್ಲಿ ಘೋಷಿಸಿದರು: "ಕೋಚಿಂಗ್! ವಾರ್ನಿಂಗ್!"

ಇಡೀ ಸ್ಟೇಡಿಯಂ ನನ್ನ ಕಡೆ ತಿರುಗಿತು. ಹೆದರಿ ಎದ್ದು ನಿಂತು ಅಂಪೈರಿಗೂ ಕೈ ಮುಗಿದೆ. ಮೇಡಂ ಅಂಪೈರರ ಕುರ್ಚಿಯ ಬಳಿ ಓಡಿದರು. "ಕೋಚಾ? ಅವನು ನನ್ನ ಡ್ರೈವರ್! ಅವನಿಗೆ ಸ್ಕೋರ್ ಕೂಡ ಗೊತ್ತಾಗುವುದಿಲ್ಲ!" ಹೌದೆಂದು ನಾನು ನಮ್ಮ ರೀತಿಯಲ್ಲಿ ತಲೆ ಅಲ್ಲಾಡಿಸಿದೆ. ಅದು ಹೌದೋ ಅಲ್ಲವೋ ತಿಳಿಯದೆ ಅಂಪೈರ್ ಕಕ್ಕಾಬಿಕ್ಕಿ. ಮೇಡಂ ರಾಕೆಟ್ ಊರಿಕೊಂಡು ನಕ್ಕರು. ಆ ವಾರದಲ್ಲಿ ಅವರು ಹಾಗೆ ನಕ್ಕದ್ದು ಅದೇ ಮೊದಲು. ನಗುನಗುತ್ತಲೇ ಒಂದು ಸೆಟ್ ಗೆದ್ದರು. ಆದರೆ ಕಾಲು ಬಿಡಲಿಲ್ಲ, ಪಂದ್ಯ ಸೋತರು.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ನಾನು ಅಳುತ್ತಿದ್ದೆ. ಮೈಕ್ ಹಿಡಿದವರು ಮೇಡಂಗೆ ಕೇಳಿದರು: "ಇಷ್ಟು ವರ್ಷದ ಆಟದಲ್ಲಿ ನಿಮ್ಮ ಕೋಚ್‌ಗಳ ಬಗ್ಗೆ ಏನು ಹೇಳ್ತೀರಿ?"

ಮೇಡಂ ಕಣ್ಣೊರೆಸಿಕೊಂಡು ನನ್ನ ಕಡೆ ಬೆರಳು ತೋರಿಸಿದರು. "ದೊಡ್ಡ ದೊಡ್ಡ ಕೋಚ್‌ಗಳು ಅಲ್ಲಿ ಕೂತು ಕದ್ದು ಸನ್ನೆ ಮಾಡಿದ್ದಾರೆ. ಒಬ್ಬರೂ ಸಿಕ್ಕಿಬೀಳಲಿಲ್ಲ. ಸಿಕ್ಕಿಬಿದ್ದದ್ದು ನನ್ನ ಡ್ರೈವರ್!"